ಹಳೆಯ ಕಾರಿನ ಕಾರ್ಬ್ಯುರೇಟರು: ಸವೆತವೂ ಅದರ ಚಿಕಿತ್ಸೆಯೂ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಸಂಚರಿಸಿದವರಿಗೆ ಎರಡು ಸಂಗತಿಗಳು ಚಿರಪರಿಚಿತವಾಗಿವೆ. ಒಂದು, ಬೇಸಗೆಯಲ್ಲಿ ದಾರಿಯುದ್ದಕ್ಕೂ ಏಳುವ ಎರೆಮಣ್ಣಿನ ಧೂಳು. ಮತ್ತೊಂದು, ತೊಗರಿಯ ಕಣಜವೆಂದು ಹೆಸರಾದ ಈ ನೆಲದಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳ ನೀರನ್ನು ನಂಬಿ ಬೆಳೆದಿರುವ ಕಬ್ಬು. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿ-ನಾಗರಹಳ್ಳಿ, ಈ ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಧೂಳಿಗೂ ಕಬ್ಬಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಈ ಊರುಗಳ ಗ್ಯಾರೇಜಿನ ಮುಂದೆ ಇಂದಿಗೂ ಆಗೊಮ್ಮೆ ಈಗೊಮ್ಮೆ ಬಂದು ನಿಲ್ಲುವ ಹಳೆಯ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರಿನ ಮುಚ್ಚಳವನ್ನು ಎತ್ತಿ ನೋಡಿದರೆ ಉತ್ತರ ದೊರೆಯುತ್ತದೆ. ಅಲ್ಲಿ ಎಂಜಿನಿನ ಮಗ್ಗುಲಲ್ಲಿ ಕುಳಿತಿರುವ ಕಾರ್ಬ್ಯುರೇಟರು ಎಂಬ ಪುಟ್ಟ ಉಪಕರಣವನ್ನು ಧೂಳು ಹೊರಗಿನಿಂದ ಸವೆಸುತ್ತದೆ. ಕಬ್ಬಿನಿಂದ ಹುಟ್ಟಿ ಪೆಟ್ರೋಲಿನೊಡನೆ ಬೆರೆತು ಬರುವ ಮದ್ಯಸಾರವು ಒಳಗಿನಿಂದ ಅದನ್ನು ಪರೀಕ್ಷೆಗೆ ಗುರಿಪಡಿಸುತ್ತದೆ.

ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. 2000ದ ಸುಮಾರಿನಿಂದಲೇ ನಮ್ಮ ದೇಶದ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಆಕ್ರಮಿಸಿತು. ಆದರೂ ಹಳೆಯ ಕಾರುಗಳು ಮನೆತನದ ಆಸ್ತಿಯಾಗಿ ಉಳಿದಿವೆ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಅದರ ನೋಂದಣಿಯನ್ನು ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಹೊಗೆ ತಪಾಸಣೆಯಲ್ಲಿಯೂ ಅದು ತೇರ್ಗಡೆಯಾಗಬೇಕು. ಇಂತಹ ಕಾರು ಸಿಗ್ನಲಿನಲ್ಲಿ ನಿಂತೊಡನೆ ಆರಿಹೋಗುತ್ತಿದ್ದರೆ, ಹೊಗೆಯುಗುಳುತ್ತಿದ್ದರೆ, ಪೆಟ್ರೋಲು ಸೋರಿಸುತ್ತಿದ್ದರೆ, ಅದನ್ನು ಗುಜರಿಗೆ ಹಾಕುವುದೋ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಏಳುತ್ತದೆ. ಅನೇಕ ಸಂದರ್ಭಗಳಲ್ಲಿ ಆ ಪ್ರಶ್ನೆಯ ಉತ್ತರವು ಅಂಗೈಯಗಲದ ಈ ಲೋಹದ ತುಂಡಿನಲ್ಲಿಯೇ ಅಡಗಿರುತ್ತದೆ. ಆದುದರಿಂದ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸವೆಯುತ್ತದೆ, ಅದನ್ನು ಮತ್ತೆ ಹೇಗೆ ಸರಿಪಡಿಸಬಹುದು ಎಂಬುದನ್ನು ನಾವು ಕ್ರಮವಾಗಿ ನೋಡೋಣ.

ಗಾಳಿಗೆ ಪೆಟ್ರೋಲನ್ನು ಅಳೆದು ಕೊಡುವ ಯಂತ್ರ

ಪೆಟ್ರೋಲು ತಾನಾಗಿ ಶಕ್ತಿಯನ್ನು ಕೊಡಲಾರದು. ಅದು ಉರಿಯಲು ಗಾಳಿಯ ಆಮ್ಲಜನಕ ಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕಾಗುತ್ತದೆ. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಕಲಬುರಗಿಯ ಬೇಸಗೆಯ ಹಗುರವಾದ ಗಾಳಿಯಲ್ಲಿ ಒಂದು ಲೀಟರು ಪೆಟ್ರೋಲಿಗೆ ಹತ್ತು ಸಾವಿರ ಲೀಟರು ಗಾಳಿ! ಎರಡು ಮೀಟರು ಉದ್ದ, ಎರಡು ಮೀಟರು ಅಗಲ, ಎರಡೂವರೆ ಮೀಟರು ಎತ್ತರದ ಕೋಣೆಯಲ್ಲಿ ಹಿಡಿಯುವಷ್ಟು ಗಾಳಿಯಿದು. ಪೆಟ್ರೋಲು ಇದಕ್ಕಿಂತ ಹೆಚ್ಚಾದರೆ ಮಿಶ್ರಣವು ಸಮೃದ್ಧವಾಯಿತೆಂದೂ, ಕಡಿಮೆಯಾದರೆ ಕ್ಷೀಣವಾಯಿತೆಂದೂ ಹೇಳುತ್ತಾರೆ. ಸಮೃದ್ಧ ಮಿಶ್ರಣದಲ್ಲಿ ಇಂಗಾಲವೆಲ್ಲ ಉರಿಯದೆ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಾಗಿ ಹೊರಬೀಳುತ್ತದೆ. ಕ್ಷೀಣ ಮಿಶ್ರಣದಲ್ಲಿ ಎಂಜಿನು ಮುಗ್ಗರಿಸುತ್ತದೆ, ಮಿತಿಮೀರಿ ಕಾಯುತ್ತದೆ. ಈ ಪ್ರಮಾಣವನ್ನು ಎಂಜಿನು ನಿಧಾನವಾಗಿರಲಿ, ವೇಗವಾಗಿರಲಿ, ಕಾಪಾಡುವುದೇ ಕಾರ್ಬ್ಯುರೇಟರಿನ ಕೆಲಸ.

ಇದರ ಹಿಂದಿರುವ ಭೌತಶಾಸ್ತ್ರದ ತತ್ತ್ವ ಸರಳವಾದುದು. ಹರಿಯುವ ದ್ರವದ ವೇಗ ಹೆಚ್ಚಿದಲ್ಲಿ ಅದರ ಒತ್ತಡ ಕಡಿಮೆಯಾಗುತ್ತದೆಂಬ ವಿಚಾರವನ್ನು ಡೇನಿಯಲ್ ಬರ್ನೂಲಿ 1738ರ ತನ್ನ ಗ್ರಂಥದಲ್ಲಿ ಮಂಡಿಸಿದನು. ಇಟಲಿಯ ವಿಜ್ಞಾನಿ ವೆಂಚುರಿಯು ನಡುವೆ ಕಿರಿದಾದ ಕೊಳವೆಗಳಲ್ಲಿ ಇದನ್ನು ಪರಿಶೀಲಿಸಿ 1797ರಲ್ಲಿ ಪ್ರಕಟಿಸಿದನು. ಮನೆಯಲ್ಲಿ ಸೊಳ್ಳೆಯ ಔಷಧ ಸಿಂಪಡಿಸುತ್ತಿದ್ದ ಹಳೆಯ ಫ್ಲಿಟ್ ಪಂಪನ್ನು ನೋಡಿದವರು ಇದೇ ತತ್ತ್ವವನ್ನು ಕಂಡಿದ್ದಾರೆ: ನಳಿಕೆಯ ಬಾಯ ಮೇಲೆ ಗಾಳಿ ರಭಸದಿಂದ ಹಾಯ್ದಾಗ ಕೆಳಗಿನ ಡಬ್ಬಿಯ ದ್ರವ ತಾನಾಗಿ ಮೇಲೇರಿ ತುಂತುರಾಗುತ್ತದೆ. 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ ಇಂತಹ ತುಂತುರು ಕಾರ್ಬ್ಯುರೇಟರನ್ನು ರೂಪಿಸಿದನು. ಮುಂದೆ ಬಂದ ಮಾದರಿಗಳೆಲ್ಲ ಈ ಬೀಜದ ಬೆಳವಣಿಗೆಗಳೇ.

ನಮ್ಮ ದೇಶದ ಹಳೆಯ ಕಾರುಗಳಲ್ಲಿ ಬಹುವಾಗಿ ಕಾಣುವ ಸೋಲೆಕ್ಸ್ ಮಾದರಿಯನ್ನು ತೆಗೆದುಕೊಳ್ಳೋಣ. ಇದರ ಒಂದು ಮಗ್ಗುಲಲ್ಲಿ ಪುಟ್ಟ ಪೆಟ್ರೋಲು ತೊಟ್ಟಿಯಿದೆ. ಅದರೊಳಗಿನ ತೇಲುಗುಂಡು ಪೆಟ್ರೋಲಿನೊಡನೆ ಏರಿ, ತಕ್ಕ ಮಟ್ಟಕ್ಕೆ ಬಂದೊಡನೆ ಸೂಜಿಕವಾಟವನ್ನು ಒತ್ತಿ ಮುಚ್ಚುತ್ತದೆ. ಮನೆಯ ನೀರಿನ ಟಾಕಿಯಲ್ಲಿರುವ ತೇಲುಗುಂಡಿನ ನಲ್ಲಿಯೂ ಹೀಗೆಯೇ ಕೆಲಸ ಮಾಡುತ್ತದೆ. ತೊಟ್ಟಿಯ ಪೆಟ್ರೋಲು ಜೆಟ್ಟು ಎಂಬ ಹಿತ್ತಾಳೆಯ ರಂಧ್ರದ ಮೂಲಕ ಅಳೆಯಲ್ಪಟ್ಟು, ಗಾಳಿಯ ಕೊಳವೆಯ ಕಿರಿದಾದ ಕಂಠಕ್ಕೆ ಬರುತ್ತದೆ. ಆ ಕಂಠದ ಕೆಳಗೆ ಸ್ಪಿಂಡಲು ಎಂಬ ಅಡ್ಡ ಸಲಾಕೆಯ ಮೇಲೆ ತಿರುಗುವ ದುಂಡು ಬಿಲ್ಲೆಯೊಂದಿದೆ. ಇದನ್ನು ಮಿಸ್ತ್ರಿಗಳು ಬಟರ್‌ಫ್ಲೈ ಎನ್ನುತ್ತಾರೆ. ಆಕ್ಸಿಲರೇಟರನ್ನು ತುಳಿದಾಗ ತೆರೆಯುವುದು ಇದೇ ಬಿಲ್ಲೆ. ಕಾರು ನಿಂತು ಎಂಜಿನು ಮಾತ್ರ ಮೆಲ್ಲಗೆ ನಡೆಯುತ್ತಿರುವಾಗ ಬಿಲ್ಲೆ ಬಹುತೇಕ ಮುಚ್ಚಿರುತ್ತದೆ. ಆಗ ಕಂಠದಲ್ಲಿ ರಭಸವಿಲ್ಲದುದರಿಂದ ಮುಖ್ಯ ಜೆಟ್ಟು ಸುಮ್ಮನಿರುತ್ತದೆ. ಬಿಲ್ಲೆಯ ಕೆಳಗಿರುವ ಬೇರೊಂದು ಸಣ್ಣ ರಂಧ್ರದಿಂದ ಪೆಟ್ರೋಲು ಬರುತ್ತದೆ. ಅದರ ಪ್ರಮಾಣವನ್ನು ಒಂದು ಮೊನೆಯುಳ್ಳ ಸ್ಕ್ರೂ ನಿಯಂತ್ರಿಸುತ್ತದೆ. ಬಿಲ್ಲೆಯ ಅಂಚಿಗೆ ತುಸು ಮೇಲೆ ಇನ್ನೂ ಒಂದೆರಡು ರಂಧ್ರಗಳಿದ್ದು, ಬಿಲ್ಲೆ ತೆರೆಯತೊಡಗಿದೊಡನೆ ಅವು ಪೆಟ್ರೋಲು ಕೊಟ್ಟು, ಮುಖ್ಯ ಜೆಟ್ಟು ಕೆಲಸಕ್ಕೆ ತೊಡಗುವವರೆಗಿನ ಅಂತರವನ್ನು ತುಂಬುತ್ತವೆ.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಈ ಯಂತ್ರದಲ್ಲಿ ಅಳತೆಗೋಲಾಗಲಿ ಮುಳ್ಳಾಗಲಿ ಇಲ್ಲ. ರಂಧ್ರಗಳ ಗಾತ್ರ, ಅಂಚುಗಳ ಸ್ಥಾನ, ದ್ರವದ ಮಟ್ಟ, ಇವೇ ಅದರ ಲೆಕ್ಕ. ಆದುದರಿಂದ ಆಕಾರ ಸವೆದರೆ ಲೆಕ್ಕವೂ ತಪ್ಪುತ್ತದೆ.

ಸವೆತ ಎಲ್ಲಿ ಆಗುತ್ತದೆ?

ಕಾರು ಸರಿಯಾಗಿ ನಿಲ್ಲುತ್ತಿಲ್ಲವೆಂದೊಡನೆ ಸಾಮಾನ್ಯವಾಗಿ ರಿಪೇರಿ ಕಿಟ್ಟೊಂದನ್ನು ತಂದು ಹಾಕುವುದು ರೂಢಿ. ಈ ಪೊಟ್ಟಣದಲ್ಲಿ ಪ್ಯಾಕಿಂಗುಗಳು, ಪಂಪಿನ ಪೊರೆ, ಸೂಜಿಕವಾಟ, ಒಂದೆರಡು ಸ್ಪ್ರಿಂಗುಗಳು ಇರುತ್ತವೆ. ಇವನ್ನು ಬದಲಿಸಿದ ಮೇಲೂ ರೋಗ ವಾಸಿಯಾಗದೆ ಇರುವುದು ಅಪರೂಪವಲ್ಲ. ಏಕೆಂದರೆ ಕಿಟ್ಟು ಮೆತ್ತನೆಯ ಭಾಗಗಳನ್ನು ಹೊಸದು ಮಾಡುತ್ತದೆ. ಆದರೆ ಮುಖ್ಯ ಸವೆತ ಆಗಿರುವುದು ಲೋಹದ ಒಡಲಿನಲ್ಲಿ, ಬಟರ್‌ಫ್ಲೈ ಸ್ಪಿಂಡಲು ತಿರುಗುವ ರಂಧ್ರಗಳಲ್ಲಿ.

ಕಾರ್ಬ್ಯುರೇಟರಿನ ಒಡಲು ಸತುವಿನ ಮಿಶ್ರಲೋಹದ ಎರಕ. ಇದು ಅಚ್ಚಿನಲ್ಲಿ ಸೂಕ್ಷ್ಮವಾಗಿ ಮೂಡುತ್ತದೆ, ಆದರೆ ಮೆದು. ಆಕ್ಸಿಲರೇಟರಿನ ಕಡ್ಡಿಯೂ ಹಿಂದೆಳೆಯುವ ಸ್ಪ್ರಿಂಗೂ ಸ್ಪಿಂಡಲನ್ನು ಸದಾ ಒಂದೇ ಪಕ್ಕಕ್ಕೆ ಎಳೆಯುವುದರಿಂದ, ದುಂಡಾಗಿದ್ದ ರಂಧ್ರ ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೀಗೆ ಸಂದು ಬಿದ್ದೊಡನೆ ಒಳಗಿನ ನಿರ್ವಾತವು ಹೊರಗಿನ ಗಾಳಿಯನ್ನು ಆ ಸಂದಿನಿಂದಲೂ ಎಳೆದುಕೊಳ್ಳುತ್ತದೆ. ಈ ಗಾಳಿ ಶೋಧಕದ ಮೂಲಕ ಬಂದುದಲ್ಲ. ಹೊಲದ ದಾರಿಯ ಧೂಳನ್ನು ಹೊತ್ತು ಬಂದುದು. ಮಣ್ಣಿನಲ್ಲಿರುವ ಸ್ಫಟಿಕಶಿಲೆಯ ನುಣ್ಣನೆಯ ಕಣಗಳು ಹಿತ್ತಾಳೆಗಿಂತಲೂ ಸತುವಿಗಿಂತಲೂ ಎಷ್ಟೋ ಗಡುಸಾದವು. ಅವು ಎಣ್ಣೆಯ ಜಿಡ್ಡಿನೊಡನೆ ಬೆರೆತು ಸಾಣೆಯ ಲೇಪವಾಗಿ ರಂಧ್ರವನ್ನು ಇನ್ನಷ್ಟು ತೇಯುತ್ತವೆ. ಸವೆತವು ಸೋರಿಕೆಯನ್ನೂ ಸೋರಿಕೆಯು ಸವೆತವನ್ನೂ ಬೆಳೆಸುತ್ತಾ ಹೋಗುತ್ತವೆ.

ಇಷ್ಟು ಸಣ್ಣ ಸಂದು ಇಷ್ಟು ದೊಡ್ಡ ತೊಂದರೆಯನ್ನು ಹೇಗೆ ಉಂಟುಮಾಡೀತು? ಲೆಕ್ಕ ಹಾಕಿ ನೋಡೋಣ. 1489 ಘನ ಸೆಂಟಿಮೀಟರಿನ ಅಂಬಾಸಡರ್ ಎಂಜಿನು ನಿಮಿಷಕ್ಕೆ 700 ಸುತ್ತಿನಂತೆ ನಿಂತಲ್ಲೇ ನಡೆಯುತ್ತಿದೆಯೆಂದು ಭಾವಿಸಿ. ಎರಡು ಸುತ್ತಿಗೊಮ್ಮೆ ಅದರ ಸಿಲಿಂಡರುಗಳೆಲ್ಲ ತುಂಬುವುದರಿಂದ ನಿಮಿಷಕ್ಕೆ ಸುಮಾರು 520 ಲೀಟರಿನಷ್ಟು ಸ್ಥಳ ತುಂಬಬೇಕು. ಆದರೆ ಬಿಲ್ಲೆ ಮುಚ್ಚಿರುವಾಗ ಒಳಗಿನ ಒತ್ತಡ ಹೊರಗಿನದರ ಮೂರನೆಯ ಒಂದು ಪಾಲಿನಷ್ಟಿರುವುದರಿಂದ, ಹೊರಗಿನ ಗಾಳಿಯ ಲೆಕ್ಕದಲ್ಲಿ ಒಳಬರುವುದು ನಿಮಿಷಕ್ಕೆ ಸುಮಾರು 175 ಲೀಟರು ಮಾತ್ರ. ಒತ್ತಡದಲ್ಲಿ ಇಷ್ಟು ವ್ಯತ್ಯಾಸವಿದ್ದಾಗ ಗಾಳಿ ಕಿರುಸಂದಿನಲ್ಲಿ ಶಬ್ದದ ವೇಗದಿಂದಲೇ ನುಗ್ಗುತ್ತದೆ. ಒಂದು ಚದರ ಮಿಲಿಮೀಟರಿನ ಸಂದು ನಿಮಿಷಕ್ಕೆ ಹನ್ನೆರಡು ಲೀಟರಿನಷ್ಟನ್ನು ಒಳಬಿಡಬಲ್ಲುದು. ಅಂದರೆ ಎಂಜಿನು ಮೆಲ್ಲಗೆ ನಡೆಯಲು ಒಟ್ಟು 14 ಚದರ ಮಿಲಿಮೀಟರಿನ ದಾರಿಯೇ ಸಾಕು!

ಈಗ 8 ಮಿಲಿಮೀಟರಿನ ಸ್ಪಿಂಡಲಿನ ರಂಧ್ರವು ಸವೆದು 8.3 ಮಿಲಿಮೀಟರು ಆಗಿದೆಯೆಂದಿಟ್ಟುಕೊಳ್ಳಿ. ಎರಡು ಬದಿಗಳೂ ಸೇರಿ ಸಂದಿನ ಕ್ಷೇತ್ರಫಲ 7.7 ಚದರ ಮಿಲಿಮೀಟರು. ಉದ್ದವೂ ಕಿರಿದೂ ಆದ ಸಂದಿನ ಘರ್ಷಣೆಯಿಂದ ಅರ್ಧದಷ್ಟೇ ಗಾಳಿ ನುಸುಳುವುದೆಂದರೂ, ಎಂಜಿನಿಗೆ ಬೇಕಾದ ಗಾಳಿಯಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಲೆಕ್ಕಕ್ಕೆ ಸಿಗದ ಗಾಳಿಯಾಯಿತು. ಅದೇ ಬಿಲ್ಲೆ ಪೂರ್ತಿ ತೆರೆದಾಗ 32 ಮಿಲಿಮೀಟರು ವ್ಯಾಸದ ಕೊಳವೆಯ ದಾರಿ ಸುಮಾರು 800 ಚದರ ಮಿಲಿಮೀಟರು. ಸೋರಿಕೆ ನೂರಕ್ಕೆ ಅರ್ಧವೂ ಇಲ್ಲ. ಆದುದರಿಂದಲೇ ಇಂತಹ ಕಾರು ಹೆದ್ದಾರಿಯಲ್ಲಿ ಚೆನ್ನಾಗಿ ಓಡುತ್ತದೆ, ಊರೊಳಗೆ ನಿಂತೊಡನೆ ಆರಿಹೋಗುತ್ತದೆ.

ಈ ಸೋರಿಕೆಯನ್ನು ಮರೆಸಲು ಮಾಡುವ ಉಪಾಯಗಳು ಹೊಸ ತೊಂದರೆಗಳನ್ನು ತರುತ್ತವೆ. ಸೋರುವ ಗಾಳಿಯಿಂದ ವೇಗ ಏರದಂತೆ ಬಿಲ್ಲೆಯನ್ನು ಇನ್ನಷ್ಟು ಮುಚ್ಚಿದರೆ, ಅದರ ಅಂಚು ಮೇಲಿನ ರಂಧ್ರಗಳಿಂದ ದೂರ ಸರಿಯುತ್ತದೆ. ಆಕ್ಸಿಲರೇಟರನ್ನು ತುಳಿದೊಡನೆ ಒಂದು ಕ್ಷಣ ಪೆಟ್ರೋಲು ಸಾಲದೆ ಎಂಜಿನು ಕೆಮ್ಮುತ್ತದೆ. ಪೆಟ್ರೋಲಿನ ಸ್ಕ್ರೂವನ್ನು ಬಿಚ್ಚಿ ಮಿಶ್ರಣವನ್ನು ಸಮೃದ್ಧಗೊಳಿಸಿದರೆ ಮೈಲೇಜು ಕುಗ್ಗುತ್ತದೆ, ಹೊಗೆ ಹೆಚ್ಚುತ್ತದೆ. ಹೊಗೆ ತಪಾಸಣೆಯನ್ನು ಎಂಜಿನು ನಿಂತಲ್ಲೇ ನಡೆಯುತ್ತಿರುವಾಗ ಮಾಡುತ್ತಾರೆಂಬುದನ್ನು ನೆನಪಿಡಬೇಕು. 2000ಕ್ಕಿಂತ ಹಿಂದಿನ ಪೆಟ್ರೋಲು ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇಕಡಾ 3.

ಬಿಚ್ಚುವ ಮುನ್ನ

ಕಾರ್ಬ್ಯುರೇಟರನ್ನು ಬಿಚ್ಚುವ ಮೊದಲು ಅದೇ ತಪ್ಪಿತಸ್ಥವೆಂದು ಖಚಿತಪಡಿಸಿಕೊಳ್ಳಬೇಕು. ಪ್ಲಗ್ಗುಗಳ ಕಿಡಿ, ವಾಲ್ವುಗಳ ಸಂದು, ಗಾಳಿಯ ಶೋಧಕ, ಮ್ಯಾನಿಫೋಲ್ಡಿನ ಪ್ಯಾಕಿಂಗು, ಇವೆಲ್ಲ ಸರಿಯಿವೆಯೇ ನೋಡಬೇಕು. ಸ್ಪಿಂಡಲಿನ ಪರೀಕ್ಷೆ ಸುಲಭ. ಎಂಜಿನು ಮೆಲ್ಲಗೆ ನಡೆಯುತ್ತಿರುವಾಗ ಸ್ಪಿಂಡಲು ಒಡಲನ್ನು ಹೊಗುವ ಎರಡೂ ಬದಿಗಳಿಗೆ ಎಂಜಿನ್ ಎಣ್ಣೆಯ ಎರಡು ಹನಿ ಬಿಡಬೇಕು. ಎಣ್ಣೆ ಸಂದನ್ನು ಕ್ಷಣಕಾಲ ಮುಚ್ಚಿದಾಗ ಎಂಜಿನಿನ ನಡೆ ಬದಲಾದರೆ ಸೋರಿಕೆ ಇದೆಯೆಂದು ತಿಳಿಯಬೇಕು. ಎಂಜಿನನ್ನು ಆರಿಸಿ ಸ್ಪಿಂಡಲನ್ನು ಬೆರಳಿನಿಂದ ಅಡ್ಡಲಾಗಿ ಅಲುಗಾಡಿಸಿದರೂ ಸವೆತ ಕೈಗೆ ತಿಳಿಯುತ್ತದೆ.

ಮುಂದಿನ ಕೆಲಸವನ್ನು ಎಂಜಿನು ತಣಿದ ಮೇಲೆ, ಬ್ಯಾಟರಿಯ ತಂತಿಯನ್ನು ಬಿಚ್ಚಿ, ಬಯಲಿನಲ್ಲಿ ಮಾಡತಕ್ಕದ್ದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ನೆಲದ ಮೇಲೆ ಹರಿದು ದೂರದ ಒಲೆಯನ್ನೋ ಬೀಡಿಯ ಕಿಡಿಯನ್ನೋ ಮುಟ್ಟಬಲ್ಲುದು. ಕೊಳವೆಯಿಂದ ಪೆಟ್ರೋಲನ್ನು ಬಾಯಿಯಿಂದ ಹೀರುವುದು, ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲು ಸುರಿದು ಎಂಜಿನು ಹೊರಡಿಸುವುದು, ಇವೆರಡೂ ಪ್ರಾಣಾಪಾಯದ ಅಭ್ಯಾಸಗಳು. ವಿದ್ಯಾರ್ಥಿಗಳು ಈ ಕೆಲಸವನ್ನು ಅನುಭವಿಯಾದ ಮಿಸ್ತ್ರಿಯ ಜೊತೆಯಲ್ಲಿಯೇ ಮಾಡಬೇಕು.

ತೊಳೆಯುವುದರಲ್ಲಿ ರಸಾಯನಶಾಸ್ತ್ರ

ಭಾಗಗಳನ್ನು ಬಿಚ್ಚಿದಂತೆಲ್ಲ ಬಿಳಿಯ ತಟ್ಟೆಯಲ್ಲಿ ಕ್ರಮವಾಗಿ ಇಟ್ಟು, ಯಾವುದು ಎಲ್ಲಿತ್ತೆಂದು ಚಿತ್ರ ಬರೆದುಕೊಳ್ಳಬೇಕು. ಜೆಟ್ಟುಗಳ ಮೇಲಿನ ಅಂಕೆಗಳನ್ನೂ ಗುರುತಿಸಿಕೊಳ್ಳಬೇಕು. ಪೆಟ್ರೋಲು ಆವಿಯಾಗಿ ಉಳಿಸಿದ ಕಂದು ಅಂಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಳಿಕ ತಕ್ಕ ದ್ರಾವಕದಿಂದ ತೊಳೆದು, ಒತ್ತಡದ ಗಾಳಿಯಿಂದ ಪ್ರತಿಯೊಂದು ದಾರಿಯನ್ನೂ ಊದಬೇಕು. ಜಿಡ್ಡು ಬಿಡಿಸಲೆಂದು ಕಾಸ್ಟಿಕ್ ಸೋಡದ ನೀರಿನಲ್ಲಿ ಅದ್ದುವುದು ಮಾತ್ರ ಕೂಡದು. ಸತುವು ಆಮ್ಲದೊಡನೆಯೂ ಕ್ಷಾರದೊಡನೆಯೂ ವರ್ತಿಸುವ ಲೋಹವೆಂದು ಕಾಲೇಜಿನ ವಿದ್ಯಾರ್ಥಿಗಳು ಓದಿರುತ್ತಾರೆ. ಕ್ಷಾರದಲ್ಲಿ ಅದು ಜಲಜನಕದ ಗುಳ್ಳೆಗಳನ್ನು ಬಿಡುತ್ತಾ ಕರಗುತ್ತದೆ. ಜಿಡ್ಡಿನೊಡನೆ ಕಾರ್ಬ್ಯುರೇಟರಿನ ಒಡಲೂ ಹೋಗುತ್ತದೆ.

ಜೆಟ್ಟನ್ನು ತಂತಿಯಿಂದ ಚುಚ್ಚುವುದೂ ಅಷ್ಟೇ ಅಪಾಯಕರ. ಸೋಲೆಕ್ಸ್ ಜೆಟ್ಟಿನ ಮೇಲೆ 125 ಎಂದಿದ್ದರೆ ಅದರ ರಂಧ್ರ 1.25 ಮಿಲಿಮೀಟರು ಎಂದರ್ಥ. ಉಕ್ಕಿನ ತಂತಿಯಿಂದ ಗೀಚಿ ಅದು 1.30 ಆಯಿತೆನ್ನಿ. ವ್ಯಾಸ ಬೆಳೆದದ್ದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಕ್ಷೇತ್ರಫಲ ಬೆಳೆದದ್ದು ಶೇಕಡಾ 8. ಪೆಟ್ರೋಲಿನ ಖರ್ಚೂ ಸುಮಾರು ಅಷ್ಟೇ ಏರುತ್ತದೆ, ಜೆಟ್ಟಿನ ಮೇಲಿನ ಅಂಕೆ ಮಾತ್ರ 125 ಎಂದೇ ಹೇಳುತ್ತಿರುತ್ತದೆ.

ಲೋಹದ ಚಿಕಿತ್ಸೆ

ಈಗ ಮುಖ್ಯ ಕೆಲಸ. ಬಟರ್‌ಫ್ಲೈಯನ್ನು ಹಿಡಿದಿರುವ ಎರಡು ಸಣ್ಣ ಸ್ಕ್ರೂಗಳ ತುದಿಗಳನ್ನು ಅವು ಬಿಚ್ಚಿಕೊಳ್ಳದಂತೆ ಬಡಿದು ಅಗಲಿಸಿರುತ್ತಾರೆ. ಆ ತುದಿಗಳನ್ನು ಅರದಿಂದ ಉಜ್ಜಿ ತೆಗೆದ ಮೇಲೆಯೇ ಸ್ಕ್ರೂಗಳನ್ನು ಬಿಚ್ಚಬೇಕು. ಇಲ್ಲವಾದರೆ ಸ್ಪಿಂಡಲಿನ ಮರೆ ಹಾಳಾಗುತ್ತದೆ. ಬಿಲ್ಲೆಯ ಅಂಚು ಓರೆಯಾಗಿ ಕಡೆದುದಾದ್ದರಿಂದ ಅದು ಯಾವ ಮಗ್ಗುಲಾಗಿ ಕುಳಿತಿತ್ತೆಂದು ಗುರುತು ಹಾಕಿಕೊಳ್ಳಬೇಕು.

ಸ್ಪಿಂಡಲು ಮಾತ್ರ ಸವೆದಿದ್ದರೆ ಹೊಸ ಸ್ಪಿಂಡಲು ಸಾಕು. ರಂಧ್ರ ಸವೆದಿದ್ದರೆ ಅದರೊಳಗೆ ಕಂಚಿನ ಬುಷ್ ಕೂರಿಸಬೇಕು. ಸತುವಿನ ಮಿಶ್ರಲೋಹ 385 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕರಗುವುದರಿಂದ ಇಲ್ಲಿ ಹಿತ್ತಾಳೆಯ ಬೆಸುಗೆ ಸಾಧ್ಯವಿಲ್ಲ. ಲೇತಿನ ಕೆಲಸವೇ ಬೇಕು. ಒಡಲನ್ನು ಅಲುಗದಂತೆ ಹಿಡಿದು ಎರಡೂ ರಂಧ್ರಗಳನ್ನು ಒಂದೇ ನೇರದಲ್ಲಿ ದೊಡ್ಡದು ಮಾಡಿ, ಬುಷ್‌ಗಳನ್ನು ಬಿಗಿಯಾಗಿ ಒತ್ತಿ ಕೂರಿಸಿ, ಕೊನೆಗೆ ಉದ್ದನೆಯ ರೀಮರನ್ನು ಎರಡರ ಮೂಲಕವೂ ಒಮ್ಮೆಗೇ ಹಾಯಿಸಬೇಕು. ಕೈ ಡ್ರಿಲ್ಲಿನಿಂದ ಒಂದೊಂದು ಬದಿಯನ್ನು ಬೇರೆಬೇರೆಯಾಗಿ ಕೊರೆದರೆ ನೇರ ತಪ್ಪಿ ಸ್ಪಿಂಡಲು ಬಿಗಿಯಾಗುತ್ತದೆ. ಆಕ್ಸಿಲರೇಟರು ತುಳಿದಲ್ಲೇ ಸಿಕ್ಕಿಕೊಂಡರೆ ಅದು ಸೋರಿಕೆಗಿಂತಲೂ ಭಯಂಕರವಾದ ದೋಷ. ಮುಗಿದ ಕೆಲಸದ ಲಕ್ಷಣವಿಷ್ಟು: ಸ್ಪಿಂಡಲು ತಡೆಯಿಲ್ಲದೆ ತಿರುಗಬೇಕು, ಅಡ್ಡಲಾಗಿ ಅಲುಗಬಾರದು, ಬಿಟ್ಟೊಡನೆ ಸ್ಪ್ರಿಂಗಿನ ಬಲದಿಂದ ಪೂರ್ತಿ ಮುಚ್ಚಬೇಕು.

ಬಿಲ್ಲೆಯನ್ನು ಮರಳಿ ಕೂರಿಸುವಾಗ ಸ್ಕ್ರೂಗಳನ್ನು ಸಡಿಲವಾಗಿಟ್ಟು, ಬಿಲ್ಲೆಯನ್ನು ಮುಚ್ಚಿ ಮೆಲ್ಲಗೆ ತಟ್ಟಿದರೆ ಅದು ನಡುವೆ ಬಂದು ನಿಲ್ಲುತ್ತದೆ. ಬೆಳಕಿಗೆ ಹಿಡಿದು ಸುತ್ತಲೂ ಸಮನಾದ ಕೂದಲೆಳೆಯ ಸಂದು ಕಂಡರೆ ಸರಿಯಾಯಿತು. ಹೊಸ ಸ್ಕ್ರೂಗಳನ್ನೇ ಹಾಕಿ ತುದಿಯನ್ನು ಮತ್ತೆ ಅಗಲಿಸಬೇಕು. ಏಕೆಂದರೆ ಕಳಚಿದ ಸ್ಕ್ರೂ ನೇರವಾಗಿ ಎಂಜಿನಿನ ಹೊಟ್ಟೆಗೆ ಬೀಳುತ್ತದೆ.

ಎರಡನೆಯ ದೋಷ ಬಾಗಿದ ಮೈ. ಸೋರುವುದೆಂದು ನಟ್ಟುಗಳನ್ನು ಬಿಗಿಯುತ್ತಾ ಹೋದಂತೆ ಮೆದುವಾದ ಎರಕದ ಕಿವಿಗಳು ಬಾಗಿ, ನಡುವೆ ಸಂದು ಬೀಳುತ್ತದೆ. ದಪ್ಪನೆಯ ಗಾಜಿನ ಮೇಲೆ ನುಣ್ಣನೆಯ ಎಮರಿ ಕಾಗದವನ್ನು ಹರಡಿ, ಒಡಲನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದರೆ ಮೈ ಸಮವಾಗುತ್ತದೆ.

ಮೂರನೆಯದು ತೇಲುಗುಂಡು. ಟೊಳ್ಳಾದ ಹಿತ್ತಾಳೆಯ ಗುಂಡಿನಲ್ಲಿ ತೂತು ಬಿದ್ದರೆ ಪೆಟ್ರೋಲು ತುಂಬಿ ಮುಳುಗುತ್ತದೆ, ಸೂಜಿಕವಾಟ ಮುಚ್ಚದೆ ಪೆಟ್ರೋಲು ಉಕ್ಕಿ ಬಿಸಿ ಎಂಜಿನಿನ ಮೇಲೆ ಸುರಿಯುತ್ತದೆ. ಗುಂಡನ್ನು ಕಿವಿಯ ಬಳಿ ಅಲುಗಿಸಿದರೆ ಒಳಗಿನ ದ್ರವದ ಸದ್ದು ಕೇಳಿಸುತ್ತದೆ. ಒಲೆಯಿಂದ ದೂರ ತಂದಿಟ್ಟ ಬಿಸಿನೀರಿನಲ್ಲಿ ಮುಳುಗಿಸಿದರೆ ಒಳಗಿನ ಪೆಟ್ರೋಲು ಆವಿಯಾಗಿ, ತೂತಿರುವಲ್ಲಿಂದ ಗುಳ್ಳೆಗಳೇಳುತ್ತವೆ. ಸೂಜಿಕವಾಟದ ಮೊನೆಯಲ್ಲಿ ಉಂಗುರದಂತೆ ಗೀರು ಬಿದ್ದಿದ್ದರೆ ಅದನ್ನು ಅದರ ಪೀಠದೊಡನೆ ಬದಲಿಸಬೇಕು. ಅದರ ಕೆಳಗಿನ ವಾಷರಿನ ದಪ್ಪವೂ ಮುಖ್ಯ. ಅದು ಬದಲಾದರೆ ತೊಟ್ಟಿಯ ಮಟ್ಟವೇ ಬದಲಾಗುತ್ತದೆ.

ಕಬ್ಬಿನ ಪಾಲು

ಇನ್ನು ಇಂಧನದ ವಿಷಯ. ಕಬ್ಬಿನ ಹಾಲು, ಕಾಕಂಬಿ ಮತ್ತು ಧಾನ್ಯಗಳಿಂದ ತಯಾರಾದ ಎಥನಾಲು ಎಂಬ ಮದ್ಯಸಾರವನ್ನು ಪೆಟ್ರೋಲಿಗೆ ಸೇರಿಸುವ ಕಾರ್ಯಕ್ರಮದಲ್ಲಿ ನಮ್ಮ ದೇಶ 2022ರಲ್ಲಿ ಶೇಕಡಾ 10ರ ಮಟ್ಟವನ್ನು ಮುಟ್ಟಿತು. ಶೇಕಡಾ 20ರ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. 2025ರಲ್ಲಿ ದೇಶದ ಸರಾಸರಿಯೇ ಆ ಮಟ್ಟಕ್ಕೆ ಬಂದಿತು. ಬೆಳೆಗಾರನಿಗೆ ಇದರಿಂದ ಹೊಸ ಮಾರುಕಟ್ಟೆ ದೊರೆಯಿತು. ಹಳೆಯ ಕಾರ್ಬ್ಯುರೇಟರಿಗೆ ಮಾತ್ರ ಇದು ಅಪರಿಚಿತ ಆಹಾರ.

ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದಕ್ಕೆ ತನ್ನ ತೂಕದ ಸುಮಾರು 9 ಪಟ್ಟು ಗಾಳಿ ಸಾಕು. ಶೇಕಡಾ 20ರ ಮಿಶ್ರಣಕ್ಕೆ 13.5 ಪಟ್ಟು. ಹಳೆಯ ಜೆಟ್ಟು 14.7ರ ಲೆಕ್ಕದಲ್ಲಿಯೇ ಇಂಧನ ಕೊಡುತ್ತಿದ್ದರೆ ಮಿಶ್ರಣ ಶೇಕಡಾ 7-8ರಷ್ಟು ಕ್ಷೀಣವಾಗುತ್ತದೆ. 125ರ ಜೆಟ್ಟಿಗೆ ಬದಲಾಗಿ 130ರ ಜೆಟ್ಟು ಹಾಕಿದರೆ ಈ ಕೊರತೆ ಹೆಚ್ಚುಕಡಮೆ ತುಂಬುತ್ತದೆಂಬುದನ್ನು ಹಿಂದಿನ ಲೆಕ್ಕದಿಂದ ವಾಚಕರು ಆಗಲೇ ಊಹಿಸಿರಬಹುದು.

ಆದರೆ ಅವಸರಪಡಬಾರದು, ಹವಾಮಾನಕ್ಕೂ ಇದರಲ್ಲಿ ಪಾಲಿದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಉಷ್ಣತೆಯ ಒಂದು ಘನ ಮೀಟರು ಗಾಳಿಯ ತೂಕ 1.225 ಕಿಲೋಗ್ರಾಂ. ಸುಮಾರು 450 ಮೀಟರು ಎತ್ತರದ ಕಲಬುರಗಿಯಲ್ಲಿ 40 ಡಿಗ್ರಿಯ ಗಾಳಿ 1.07 ಕಿಲೋಗ್ರಾಂ ಮಾತ್ರ ತೂಗುತ್ತದೆ. ಮಿಶ್ರಣದ ಪ್ರಮಾಣ ಗಾಳಿಯ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ, ಇಲ್ಲಿನ ಬೇಸಗೆಯಲ್ಲಿ ಅದು ತಾನಾಗಿ ಶೇಕಡಾ 7ರಷ್ಟು ಸಮೃದ್ಧವಾಗುತ್ತದೆ. ಸಮುದ್ರಮಟ್ಟಕ್ಕೆಂದು ಆರಿಸಿದ ಜೆಟ್ಟಿದ್ದರೆ, ಎಥನಾಲು ಮಾಡಿದ ಕೊರತೆಯನ್ನು ಮೇ ತಿಂಗಳ ಬಿಸಿಲೇ ಬಹುಮಟ್ಟಿಗೆ ತುಂಬಿಕೊಡುತ್ತದೆ! ಡಿಸೆಂಬರಿನ ಬೆಳಗಿನ 15 ಡಿಗ್ರಿಯಲ್ಲಿ ಆ ನೆರವು ಶೇಕಡಾ 3ಕ್ಕೂ ಕಡಿಮೆ. ಆದುದರಿಂದ ಮೊದಲು ಸೋರಿಕೆಯನ್ನು ನಿಲ್ಲಿಸಿ, ಕಾರನ್ನು ಓಡಿಸಿ, ಪ್ಲಗ್ಗುಗಳ ಬಣ್ಣ ನೋಡಿ, ಅವು ಬಿಳಿಚಿಕೊಂಡಿದ್ದರೆ ಮಾತ್ರ ಒಂದು ಮೆಟ್ಟಿಲು ದೊಡ್ಡ ಜೆಟ್ಟಿಗೆ ಹೋಗುವುದು ಸರಿಯಾದ ಕ್ರಮ.

ಎಥನಾಲಿಗೆ ಇನ್ನೆರಡು ಗುಣಗಳಿವೆ. ಅದು ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ತೊಟ್ಟಿಯಲ್ಲಿ ಆ ನೀರು ಸತುವನ್ನು ತಿಂದು ಬಿಳಿಯ ಪುಡಿಯನ್ನು ಉಳಿಸುತ್ತದೆ. ಹಳೆಯ ಬಗೆಯ ಕೆಲವು ರಬ್ಬರುಗಳನ್ನು ಅದು ಉಬ್ಬಿಸಿ ಬಿರುಕುಗೊಳಿಸುತ್ತದೆ. ಬಿರಿದ ಪೆಟ್ರೋಲು ಕೊಳವೆ ಬೆಂಕಿಗೆ ಕೊಟ್ಟ ಆಹ್ವಾನವೇ ಸರಿ. ಆದುದರಿಂದ ಕಿಟ್ಟು ಕೊಳ್ಳುವಾಗ ಪೊರೆಯೂ ಕೊಳವೆಯೂ ಎಥನಾಲನ್ನು ತಾಳುವ ಜಾತಿಯವೇ ಎಂದು ಕೇಳಿ ಕೊಳ್ಳಬೇಕು. ಹೆಚ್ಚುಕಾಲ ನಿಲ್ಲಿಸುವ ಕಾರಿನ ತೊಟ್ಟಿಯನ್ನು ಬರಿದು ಮಾಡಿಡಬೇಕು.

ಕಾರ್ಬ್ಯುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಶಾಖ ತಡೆಯುವ ದಪ್ಪ ತುಂಡೊಂದು ಇರುತ್ತದೆ. ಬಿಸಿಲಿನಲ್ಲಿ ಓಡಿ ಬಂದ ಎಂಜಿನನ್ನು ಆರಿಸಿದಾಗ ಅದರ ಕಾವು ಮೇಲೇರಿ ತೊಟ್ಟಿಯ ಪೆಟ್ರೋಲನ್ನು ಕುದಿಸದಂತೆ ಕಾಯುವುದು ಇದೇ. ನಿರುಪಯುಕ್ತವೆಂದು ಇದನ್ನು ಬಿಸಾಡಿದ ಕಾರು ಸಂತೆಯ ಹೊತ್ತಿಗೆ ಮತ್ತೆ ಹೊರಡಲು ಹಟ ಮಾಡುತ್ತದೆ.

ಕೊನೆಯ ಹೊಂದಾಣಿಕೆ

ಎಲ್ಲವನ್ನೂ ಜೋಡಿಸಿ, ಸೋರಿಕೆಯಿಲ್ಲವೆಂದು ನೋಡಿ, ಎಂಜಿನು ಪೂರ್ತಿ ಕಾದ ಮೇಲೆ, ಗಾಳಿಯ ಶೋಧಕವನ್ನು ಹಾಕಿಯೇ ಹೊಂದಿಸಬೇಕು. ಬಿಲ್ಲೆಯ ತಡೆಸ್ಕ್ರೂವಿನಿಂದ ತಕ್ಕ ವೇಗಕ್ಕೆ ತಂದು, ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸುತ್ತಾ ಎಂಜಿನು ತಡವರಿಸುವ ಬಿಂದುವನ್ನು ಕಾಣಬೇಕು. ಅಲ್ಲಿಂದ ಹೊರಗೆ ತಿರುಗಿಸುತ್ತಾ ಅತ್ಯಂತ ಸಮನಾದ ನಡೆಯನ್ನು ಹಿಡಿಯಬೇಕು. ಸವೆದ ಕಾರ್ಬ್ಯುರೇಟರಿನಲ್ಲಿ ಈ ಸ್ಕ್ರೂ ಎಷ್ಟು ತಿರುಗಿಸಿದರೂ ಸ್ಪಷ್ಟವಾದ ಉತ್ತರ ಕೊಡುವುದಿಲ್ಲ. ಬುಷ್ ಹಾಕಿದ ಕಾರ್ಬ್ಯುರೇಟರಿನಲ್ಲಿ ಕಾಲು ಸುತ್ತಿಗೂ ಎಂಜಿನಿನ ಸ್ವರ ಬದಲಾಗುತ್ತದೆ. ಕೆಲಸ ಫಲಿಸಿತೆಂಬುದಕ್ಕೆ ಇದೇ ಮೊದಲ ಸಾಕ್ಷಿ. ಹೊಗೆ ತಪಾಸಣೆಯ ಚೀಟಿ ಎರಡನೆಯದು.

ಇಂದಿನ ಕಾರಿನಲ್ಲಿ ಆಮ್ಲಜನಕ ಸಂವೇದಕವೊಂದು ಹೊಗೆಯನ್ನು ಪರೀಕ್ಷಿಸುತ್ತಾ, ಗಣಕವು ಕ್ಷಣಕ್ಷಣಕ್ಕೂ ಇಂಧನವನ್ನು ತಿದ್ದುತ್ತಿರುತ್ತದೆ. ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಹೆಚ್ಚಿದರೆ ಒಂದು ಮಿತಿಯವರೆಗೆ ಅದೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಅಂತಹ ಕಣ್ಣಿಲ್ಲ. ಮಿಸ್ತ್ರಿಯ ಕಿವಿ, ಬೆರಳಿನ ಸ್ಪರ್ಶ, ಪ್ಲಗ್ಗಿನ ಬಣ್ಣ, ಒಂದಿಷ್ಟು ಲೆಕ್ಕ, ಇವೇ ಅದರ ಸಂವೇದಕಗಳು. ಆಳಂದದಲ್ಲಾಗಲಿ ಜೇವರ್ಗಿಯಲ್ಲಾಗಲಿ ಹಳೆಯ ಕಾರೊಂದು ನಿಂತಲ್ಲೇ ಆರಿಹೋಗುತ್ತಿದೆಯೆಂದು ಕೇಳಿದಾಗ, ಹೊಸ ಕಿಟ್ಟಿಗೆ ಹಣ ತೆರುವ ಮುನ್ನ ಆ ಸ್ಪಿಂಡಲಿಗೆ ಎರಡು ಹನಿ ಎಣ್ಣೆ ಬಿಟ್ಟು ನೋಡುವಂತೆ ನಮ್ಮ ವಿದ್ಯಾರ್ಥಿ ವಾಚಕರು ಸಲಹೆ ಕೊಡಬಹುದು.